ಗುಂಡನ ತೂಕಕ್ಕೆ ಎಲ್ಲರೂ ಸಮ

ಎಲ್ಲಿ ಇಬ್ಬರು ಸೇರಿ "ನ್ಯಾಯವಾಗಿ ಆಡೋಣ" ಅಂತಾರೋ, ಅಲ್ಲಿ ಮೂರನೆಯವನ ತಲೆ ಕೆಡುತ್ತೆ. ಆ ಮೂರನೆಯವನು ಯಾವಾಗಲೂ ನಾನೇ. ಹಾಗಾಗಿ ಇಂಥ ಪಂಚಾಯ್ತಿಗಳು ಬೇಡ ಬೇಡ ಅಂದರೂ ನನಗೇ ಗಂಟು ಬೀಳ್ತಿದ್ದವು.

ಎಂಬತ್ತರ ದಶಕದ ಶುರುವಿನ ಮಾತು. ಚಾಮರಾಜಪೇಟೇಲಿ ನನ್ನದೊಂದು ಸ್ಕೂಟರ್ ಗ್ಯಾರೇಜು. ಒಂದು ಕಡೆ ಕೂತು ಗೊತ್ತಿಲ್ಲದ ಜೀವ ನಂದು, ಕಾಲಲ್ಲಿ ಚಕ್ರ ಇದೆ ಅಂತ ಅಮ್ಮ ಬೈತಿದ್ದಳು. ಊರಾಚೆ ಪಾಳುಬಿದ್ದ ಒಂದು ರನ್‌ವೇ ಮೇಲೆ ನಮ್ಮ ಬಳಗ ವರ್ಷಕ್ಕೊಂದು ಸ್ಕೂಟರ್ ರೇಸ್ ಮಾಡ್ತಿತ್ತು. ಗಾಡಿಗಳು ರೂಲ್ಸ್ ಪ್ರಕಾರ ಇವೆಯೋ ಇಲ್ಲವೋ ನೋಡೋ ಕೆಲಸ ನನ್ನ ತಲೆಗೆ ಕಟ್ಟಿದ್ರು. ಸಂಬಳ ಇಲ್ಲ, ಬೈಗುಳ ಮಾತ್ರ ಧಾರಾಳ.

ಜಟ್ಟಿಗಳು ಇಬ್ಬರು. ಒಬ್ಬ ಗಾಂಧಿ ಬಜಾರಿನ ಸ್ವೀಟ್ ಅಂಗಡಿ ಯಜಮಾನರ ಮಗ. ಅವನನ್ನ ಗುಂಡ ಅಂತ ಯಾಕೆ ಕರೀತಿದ್ವಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಬ್ಬ ಹನುಮಂತನಗರದ ಡ್ರಾಯಿಂಗ್ ಮೇಷ್ಟ್ರು, ಕಡ್ಡಿ. ಇಬ್ಬರದೂ ಒಂದೇ ಕಂಪನಿ ಸ್ಕೂಟರು, ಒಂದೇ ಇಂಜಿನ್ನು. ಆದರೂ ಪ್ರತಿ ವರ್ಷ ಕಡ್ಡಿ ಫಸ್ಟು, ಗುಂಡ ಸೆಕೆಂಡು.

ನಿಂಬೆಹಣ್ಣು

ಗಾಡಿ ಕಂಪನಿಯಿಂದ ಹೇಗೆ ಬಂತೋ ಹಾಗೇ ಇರಬೇಕು, ಏನೂ ತೆಗೀಬಾರದು, ಏನೂ ಸೇರಿಸಬಾರದು. ಇದು ನಮ್ಮ ಮೊದಲನೇ ರೂಲ್ಸು. ಒಂದು ವರ್ಷ ಕಡ್ಡಿ ಭಾರ ಇಳಿಸೋಕೆ ಅಂತ ಸ್ಟೆಪ್ನಿ ಬಿಚ್ಚಿಟ್ಟು ಬಂದಿದ್ದ. ನಾನು ಬೈದು ಹಾಕಿಸಿದೆ. ಆ ಸಿಟ್ಟಿಗೆ ಅವನು ಗುಂಡನ ಗಾಡಿ ಮುಂದೆ ಕುಕ್ಕರುಗಾಲಲ್ಲಿ ಕೂತ. ಹ್ಯಾಂಡಲ್ಲಿಂದ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡ್ತಿತ್ತು.

"ಇದನ್ನೂ ಕಂಪನಿಯೋರೇ ಕೊಟ್ರಾ?" ಅಂದ.

"ಅಪ್ಪ ಕಟ್ಟಿದ್ದು. ಪ್ರಾಣ ಹೋದ್ರೂ ಬಿಚ್ಚಲ್ಲ," ಅಂದ ಗುಂಡ.

ಬಿಸಿಲು ನೆತ್ತಿ ಸುಡ್ತಿದೆ, ಇವರ ಜಗಳ ಮುಗೀತಿಲ್ಲ. ನನಗೆ ತಡೀಲಿಲ್ಲ. "ಎಲ್ಲರಿಗೂ ಒಂದೊಂದು ನಿಂಬೆಹಣ್ಣು! ಆಯ್ತಾ?" ಅಂತ ತೀರ್ಪು ಕೊಟ್ಟೆ. ಶರಬತ್ತಿನ ಗಾಡಿಯವನ ಹತ್ತಿರ ಇದ್ದಬದ್ದ ಹಣ್ಣನ್ನೆಲ್ಲ ತಂದು ಎಲ್ಲಾ ಸ್ಕೂಟರಿಗೂ ಕಟ್ಟಿಸಿದೆ. ಇನ್ನೇನು ಬಾವುಟ ಬೀಸಬೇಕು, ಕಡ್ಡಿ ಮತ್ತೆ ಕೈ ಎತ್ತಿದ.

"ಗುರು, ಅವನ ಹಣ್ಣು ದಪ್ಪ ಇದೆ."

ಸೌದೆ ಡಿಪೋ

ಮಾರನೇ ವರ್ಷ ರೇಸಿಗೆ ತಿಂಗಳಿದೆ ಅನ್ನುವಾಗ ಗುಂಡ ಗ್ಯಾರೇಜಿಗೆ ಬಂದು ಸ್ಟೂಲ್ ಮೇಲೆ ಕುಸಿದ. ಮುಖ ಬಾಡಿಹೋಗಿತ್ತು.

"ಈ ಸಲ ಫಸ್ಟ್ ಬರದೆ ಇದ್ರೆ ಅಪ್ಪ ಸ್ಕೂಟರ್ ಮಾರಿಬಿಡ್ತಾರಂತೆ. ಅಂಗಡೀಲಿ ಜಹಾಂಗೀರ್ ಹಿಟ್ಟಿಗೆ ಗ್ರೈಂಡರ್ ಬೇಕಂತೆ. ನೀನೇ ಹೇಳು ಗುರು, ಕಡ್ಡಿ ಗಾಡಿ ಒಬ್ಬನ್ನ ಎಳೆಯುತ್ತೆ, ನನ್ನ ಗಾಡಿ ಒಂದೂವರೆ ಜನಾನ ಎಳೆಯುತ್ತೆ. ಇದು ನ್ಯಾಯಾನಾ?"

ಆ ಸ್ಕೂಟರ್ ಅಂದ್ರೆ ಅವನಿಗೆ ಪ್ರಾಣ. ಬಳಗದೋರನ್ನ ಕೂರಿಸಿ ಒಪ್ಪಿಸಿದೆ. ಹೊಸ ರೂಲ್ಸು ಬಂತು: ಎಲ್ಲರ ತೂಕವೂ ಗುಂಡನ ಈಗಿನ ತೂಕಕ್ಕೆ ಸಮ ಇರಬೇಕು. ಕಮ್ಮಿ ಇದ್ದೋರು ಅಷ್ಟು ಭಾರ ಗಾಡಿಗೆ ಕಟ್ಕೊಂಡು ಓಡಿಸಬೇಕು. ರೇಸ್ ಮುಗಿದ ಮೇಲೆ ಗೆದ್ದೋರನ್ನ ಮತ್ತೆ ತೂಗಬೇಕು, ಕಮ್ಮಿ ಬಂದ್ರೆ ಗೆದ್ದಿದ್ದು ಲೆಕ್ಕಕ್ಕಿಲ್ಲ.

ತೂಗೋಕೆ ದೊಡ್ಡ ತಕ್ಕಡಿ ಎಲ್ಲಿದೆ? ನಮ್ಮ ಗ್ಯಾರೇಜ್ ಪಕ್ಕದ ಸೌದೆ ಡಿಪೋದಲ್ಲಿ. ಮೊದಲು ಕಡ್ಡಿಯನ್ನ ಒಂದು ತಟ್ಟೇಲಿ ಕೂರಿಸಿದ್ವಿ. ಅಷ್ಟರಲ್ಲಿ ಅವನ ಅಜ್ಜಿಗೆ ಎಲ್ಲಿಂದ ಸುದ್ದಿ ಸಿಕ್ತೋ, ಆಟೋದಿಂದ ಇಳಿದರು.

"ಅಯ್ಯೋ ನಿಮ್ಮ ಮನೆ ಹಾಳಾಗ! ಬದುಕಿರೋ ಮಗೂನ ಸೌದೆ ತಕ್ಕಡೀಲಿ ಕೂರ್ಸಿದೀರಲ್ರೋ! ನಾಳೆ ಏನಾದ್ರೂ ಆದ್ರೆ ಯಾರೋ ಗತಿ?"

ಡಿಪೋ ಮಾಲೀಕ ಸಮಾಧಾನ ಮಾಡೋಕೆ ಮುಂದೆ ಬಂದ.

"ಗಾಬರಿಯಾಗಬೇಡಿ ಅಮ್ಮಾ. ಇವನಿಗೆ ಅಷ್ಟೇನೂ ಸೌದೆ ಬೇಕಾಗಲ್ಲ."

ಗೋಣಿ ತೂಕ

ಅಲ್ಲಿಂದ ನಗರ್ತಪೇಟೆಗೆ ಓಡಿದ್ವಿ. ಗುರುತಿನವರ ಹೋಲ್‌ಸೇಲ್ ಮಂಡಿ, ಮೂಟೆ ತೂಗೋ ತಕ್ಕಡಿ. ತೂಗೋನು ಅಲ್ಲಿನ ಹಳೇ ಗುಮಾಸ್ತ. ಮನುಷ್ಯನೋ ಬೆಲ್ಲವೋ, ಆತನಿಗೆ ಎಲ್ಲಾ ಒಂದೇ. ಗುಂಡ ಹತ್ತಿ ನಿಂತ ತಕ್ಷಣ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ.

"ಎಂಬತ್ತೆಂಟು! ಗೋಣಿ ತೂಕ ಒಂದು ಕಳೀರಿ, ಎಂಬತ್ತೇಳು!"

"ಯಾವ ಗೋಣಿ ಸ್ವಾಮಿ?" ಅಂದೆ.

"ಪ್ಯಾಂಟು, ಷರ್ಟು," ಅಂದ.

ಕಡ್ಡಿ ಹತ್ತಿ ಇಳಿದ. ಗುಂಡನ ಸಮಕ್ಕೆ ಬರಬೇಕು ಅಂದ್ರೆ ಅರ್ಧ ಅಕ್ಕಿ ಮೂಟೆಯಷ್ಟು ಭಾರ ಕಟ್ಕೋಬೇಕು. ಮರಳಿನ ಚೀಲ ಸಾಲದೆ, ಕೊನೆಗೆ ಅವನ ಅಜ್ಜಿಯ ಒರಳುಕಲ್ಲಿನ ಗುಂಡನ್ನೂ ಸ್ಕೂಟರಿಗೆ ಕಟ್ಟೋದು ಅಂತಾಯ್ತು. ಗುಂಡನ ಮುಖದಲ್ಲಿ ಆವತ್ತು ಬಹಳ ದಿನದ ಮೇಲೆ ನಗು ಕಂಡೆ.

ಹೊರಡುವಾಗ ಗುಮಾಸ್ತ ಗುಂಡನ ಹೊಟ್ಟೆ ಮೇಲೆ ಎರಡು ಸಲ ತಟ್ಟಿ ನೋಡಿ ನನಗೆ ಹೇಳಿದ:

"ಮಾಲು ಇನ್ನೂ ಹಸಿ ಇದೆ. ಇಟ್ಟರೆ ಒಣಗುತ್ತೆ, ತೂಕ ಇಳಿಯುತ್ತೆ. ಆಮೇಲೆ ನನ್ನ ಕೇಳಬೇಡಿ."

ಮಾಲು ವಾಪಸ್

ರೇಸಿನ ದಿನ ಮಂಡಿ ತಕ್ಕಡಿಯನ್ನ ಟೆಂಪೋದಲ್ಲಿ ಹಾಕ್ಕೊಂಡು ಬಂದ್ವಿ. ತಕ್ಕಡಿ ಜೊತೆ ಗುಮಾಸ್ತನೂ ಬಂದ. ಗುಂಡನ ಅಪ್ಪ ಕೂಡ ಬಂದಿದ್ರು, ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಗೆದ್ರೆ ಹಂಚೋಕೆ. ಸೋತ್ರೆ ವಾಪಸ್ ಅಂಗಡಿಗೆ. ಸ್ಕೂಟರ್ ಕೊಳ್ಳೋನಿಗೂ ಸಂಜೆಗೆ ಬಾ ಅಂದಿದ್ರಂತೆ.

ನನಗೆ ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಆ ಕಡೆ ಹೋಗ್ತೀನಿ, ಈ ಕಡೆ ಬರ್ತೀನಿ, ಬೀಡಿ ಹಚ್ತೀನಿ, ಬಿಸಾಕ್ತೀನಿ. ಗುಂಡ ಪ್ಯಾಂಟನ್ನ ದಾರದಲ್ಲಿ ಬಿಗಿದು ಕಟ್ಟಿದ್ದ. ಕಂಡೆ, ಆದ್ರೆ ತಲೆಗೆ ಹೋಗಲಿಲ್ಲ.

ಬಾವುಟ ಬಿತ್ತು. ಮೊದಲ ಸುತ್ತಿಗೇ ಗುಂಡ ಮುಂದೆ! ಕಡ್ಡಿ ಅಜ್ಜಿಯ ಒರಳುಗುಂಡು ಹೊತ್ತು ಹಿಂದೆ ಏದುಸಿರು ಬಿಡ್ತಾ ಬರ್ತಿದ್ದ. ಕೊನೇ ಸುತ್ತಲ್ಲಿ ಹತ್ತಿರ ಬಂದ, ಬಂದೇಬಿಟ್ಟ ಅನ್ನುವಾಗ ಗುಂಡ ಗೆರೆ ದಾಟಿದ. ಅವರಪ್ಪ ಪಂಚೆ ಎತ್ತಿ ಕಟ್ಟಿ ಕುಣಿದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ತೂಗೋದು ಬಾಕಿ ಇತ್ತು. ಕಡ್ಡಿಯನ್ನ ಅವನ ಮೂಟೆ ಸಮೇತ ತೂಗಿದ್ವಿ, ಸರಿಯಾಗಿತ್ತು. ಗುಂಡ ನಗ್ತಾ ಹತ್ತಿದ.

"ಎಂಬತ್ಮೂರು! ಗೋಣಿ ತೂಕ ಒಂದು ಕಳೀರಿ, ಎಂಬತ್ತೆರಡು!" ಅಂತ ಕೂಗಿದ ಗುಮಾಸ್ತ. ಆಮೇಲೆ ನನ್ನ ಕಡೆ ತಿರುಗಿ, "ನಾನಾಗಲೇ ಹೇಳಿದ್ದೆ," ಅಂದ.

"ಏನೋ ಮಾಡ್ಕೊಂಡೆ?" ಅಂದೆ.

ಗುಂಡ ಪ್ಯಾಂಟಿನ ದಾರ ಬಿಗಿ ಮಾಡ್ಕೊಂಡ. "ಗೆಲ್ಲಬೇಕು ಅಂತ ಗುಡ್ಡದ ದೇವರಿಗೆ ಹರಕೆ ಹೊತ್ತಿದ್ದೆ ಗುರು. ಒಂದೇ ಹೊತ್ತು ಊಟ, ದಿನಾ ಬೆಳಿಗ್ಗೆ ಗುಡ್ಡ ಹತ್ತೋದು. ಹರಕೆ ಬಾಯಿಬಿಟ್ಟು ಹೇಳಬಾರದಲ್ಲ, ಅದಕ್ಕೇ ಹೇಳಲಿಲ್ಲ. ಊಟ ಬಿಟ್ಟಿದ್ದು ಮೋಸಾನಾ?"

"ಮೋಸ ಅಲ್ಲ ಮಗಾ. ಆದ್ರೆ ರೂಲ್ಸು ನಿಂದೇ."

ಗುಂಡ ತಕ್ಕಡಿ ಮೇಲೇ ನಿಂತು ಅಳೋಕೆ ಶುರು ಮಾಡಿದ. ಅವರಪ್ಪ ಜನರನ್ನ ತಳ್ಳಿಕೊಂಡು ಬಂದರು.

"ಏನಪ್ಪಾ ರೂಲ್ಸು, ಏನಾಯ್ತು?"

"ಯಜಮಾನ್ರೆ, ತೂಕ ಕಮ್ಮಿ ಬಂತು."

"ಏನಂದೆ? ತೂಕ ಕಮ್ಮೀನಾ? ಇಷ್ಟು ಜನದ ಮುಂದೆ ನಮ್ಮ ಮನೇದು ತೂಕ ಕಮ್ಮೀನಾ?" ಅಂದವರೇ ಡಬ್ಬ ತೆಗೆದು, ಅಂಗಡೀಲಿ ತಟ್ಟೆ ಮೇಲೇಳಿದಾಗ ಇನ್ನೊಂದು ಪೀಸ್ ಹಾಕ್ತಾರಲ್ಲ, ಹಾಗೆ ಮಗನ ಬಾಯಿಗೆ ಮೈಸೂರು ಪಾಕ್ ತುರುಕೋಕೆ ಶುರು ಮಾಡಿದರು. "ತಿನ್ನೋ! ಇನ್ನೊಂದು ತಿನ್ನು! ಏನ್ರೀ ಗುಮಾಸ್ತರೆ, ಮುಳ್ಳು ನೋಡ್ತಿರಿ!"

"ರೇಸ್ ಮುಗಿದ ಮೇಲೆ ಸೇರಿಸೋ ಹಾಗಿಲ್ಲ ಯಜಮಾನ್ರೆ," ಅಂತ ಕೈ ಮುಗಿದೆ. ಫಸ್ಟು ಮತ್ತೆ ಕಡ್ಡಿಗೇ ಹೋಯ್ತು.

ಸಂಜೆ ಸ್ಕೂಟರ್ ಕೊಳ್ಳೋನು ಬಂದ. ಯಜಮಾನ್ರು ಅವನನ್ನ ಬಾಗಿಲಲ್ಲೇ ನಿಲ್ಲಿಸಿದರು.

"ಸ್ಕೂಟರ್ ಮಾರಲ್ಲ, ಹೋಗಯ್ಯ. ನಮ್ಮ ಅಂಗಡಿಯಿಂದ ಹೋದ ಮಾಲು ತೂಕ ಕಮ್ಮಿ ಅಂತ ವಾಪಸ್ ಬಂದಿರೋದು ಇದೇ ಮೊದಲು. ಮುಂದಿನ ವರ್ಷ ನಾನೇ ತೂಗಿ ಕಳಿಸ್ತೀನಿ!"

ಗುಂಡ ಹಿಂದೆ ನಿಂತಿದ್ದ. ಬಾಯಿ ತುಂಬ ಮೈಸೂರು ಪಾಕು, ಹೂಂ ಅಂತ ತಲೆ ಮಾತ್ರ ಆಡಿಸಿದ.