ಮೊಮ್ಮಗಳನ್ನ ಹೆರಿಗಿಗೆ ತಯಾರ ಮಾಡಿದ್ದು

ನಮ್ಮ ಮನ್ಯಾಗ ಒಬ್ಬಾಕಿ ಬಸುರಿ ಆದ್ಲಂದ್ರ ಆಕೀಗಿಂತ ಸುತ್ತ ಇದ್ದವರದ್ದೇ ಗದ್ದಲ ಭಾಳ. ಮುಂಬೈಯ ಭಾಂಡುಪಿನ ಈ ಬಿಲ್ಡಿಂಗಿಗೆ ಬಂದ ಮ್ಯಾಲೆ ಎಷ್ಟು ಬಾಣಂತನ ಮಾಡೇನೋ, ಪ್ರತಿ ಸಲ ಏನರೆ ಒಂದು ಆಗೇ ಆಗತದ.

ಈ ಸಲ ಮೊಮ್ಮಗಳದು. ಪವಾಯಿಯ ಆಫೀಸಿನ್ಯಾಗ ಮಂದೀನ ಗದರಿಸೋ ಹುಡುಗಿ, ಹೆರಿಗಿ ಅಂದ್ರ ಮಾತ್ರ ಕೈಕಾಲು ತಣ್ಣಗ. "ಅಜ್ಜಿ, ಡಾಕ್ಟರು ನಾರ್ಮಲ್ ಆಗತದ ಅಂತಾರ. ನನಗ ಡರ್ ಲಗ್ತಾ ಹೈ. ಸೀದಾ ಆಪರೇಷನ್ ಮಾಡಿಸಿಕೊಂಡ್ಬಿಡ್ಲಾ?"

"ಬೇಕಾದ್ರ ಅವರೇ ಮಾಡ್ತಾರ. ಬರೇ ಅಂಜಿಕಿ ಸಲುವಾಗಿ ಬ್ಯಾಡವ್ವಾ. ಮೊದಲು ಅದೇನಂತ ತಿಳಕೊಳ್ಳೂಣು, ನಡಿ," ಅಂದೆ.

ಗೊಂಬಿ

ದವಾಖಾನ್ಯಾಗ ಬಸುರಿಯರಿಗೆ ಕ್ಲಾಸ್ ಇತ್ತು. ಡಾಕ್ಟರ್‌ಬಾಯಿ ಪ್ಲಾಸ್ಟಿಕ್ಕಿನ ಸೊಂಟದ ಎಲುಬಿನೊಳಗಿಂದ ಬಟ್ಟಿ ಗೊಂಬಿ ಹಾಯಿಸಿ ತೋರಿಸಾಕತ್ತಿದ್ರು. ಗರ್ಭಚೀಲದ ಬಾಯಿ ಸಾವಕಾಶ ತೆರೀತದ, ಕೂಸು ಹೊಳ್ಳಿಕೋತ ದಾರಿ ಮಾಡ್ಕೊಂಡು ಬರತದ. ಬ್ಯಾನಿ ಬರತದ, ಹೋಗತದ, ನಡುವ ಸುಧಾರಿಸಿಕೊಳ್ಳಾಕ ಬಿಡುವು ಸಿಗತದ. ಮಕ್ಕಳ ಹಡದ ನನಗೂ ಒಳಗ ಇಷ್ಟೆಲ್ಲಾ ನಡೀತದಂತ ಗೊತ್ತಿರಲಿಲ್ಲ.

"ಆಜಿ, ಸ್ವಲ್ಪ ಹಿಡೀರಿ," ಅಂತ ನಡುವನ ಗೊಂಬಿ ತಗದು ನನ್ನ ಕೈಗೆ ಕೊಟ್ರು. ಕೂಸು ಬಂದ್ರ ಈ ಕೈ ಸುಮ್ಮ ಇರತಾವೇನು? ಸೆರಗು ಹೊಚ್ಚಿ, ಹೆಗಲಿಗೆ ಹಾಕ್ಕೊಂಡು, ಬೆನ್ನು ತಟ್ಟಾಕ ಹತ್ತಿದೆ. "ಎ.ಸಿ. ಕಡಿಮಿ ಮಾಡ್ರಿ, ಥಂಡಿ ಹತ್ತತದ," ಅಂದೆ.

"ವಾಪಸ್ ಕೊಡ್ರಿ ಆಜಿ," ಅಂದ್ರು ಡಾಕ್ಟರ್‌ಬಾಯಿ, "ಅದಿನ್ನೂ ಅರ್ಧ ದಾರ್ಯಾಗ ಅದ."

ತುಪ್ಪ

ತಿಂಗಳು ತುಂಬಿದ ಮ್ಯಾಲೆ ತುಪ್ಪ ಕುಡಿಸಿದ್ರ ಕೂಸು ಜಾರಿ ಬರತದ ಅಂತ ನಮ್ಮ ವಿಜಯಪುರದ ಕಡೆ ಮಾತು. ನಾನೂ ಬಟ್ಟಲದಾಗ ಕಾಸಿ ಕಾಸಿ ಕುಡಿಸಿದೆ. ಆಕಿ ತೂಕ ನೋಡಿ ಡಾಕ್ಟರ್‌ಬಾಯಿ ಕನ್ನಡಕ ತಗದ್ರು. ಮೊಮ್ಮಗಳು ನನ್ನ ಕಡೆ ಬೆರಳು ಮಾಡಿದ್ಲು.

"ಆಜಿ, ತುಪ್ಪ ಹೋಗೋ ದಾರಿ ಬ್ಯಾರೆ, ಕೂಸು ಬರೋ ದಾರಿ ಬ್ಯಾರೆ. ಅವೆರಡು ಎಲ್ಲೂ ಭೇಟಿ ಆಗಂಗಿಲ್ಲ!"

ಕುಕ್ಕರಗಾಲು

ಕುಕ್ಕರಗಾಲಿಲೆ ಕೂಡೋದು ರೂಢಿ ಮಾಡ್ಕೋ ಅಂತ ಕ್ಲಾಸಿನ್ಯಾಗ ಹೇಳಿದ್ರು. ಮೊಮ್ಮಗಳು ಗೋಡಿ ಹಿಡಿದು ಕೂತ್ಲು, ಎದ್ಲು. ಆಕಿ ಗಂಡ ಮರಾಠಿ ಹುಡುಗ, ಭಾಳ ಪ್ರೀತಿಯವ. ತಾನೂ ಜೋಡಿ ಕೂತ. ಏಳಾಕ ಬರವಲ್ದು! ಟೇಬಲ್ಲಿನ ಕಾಲು ಹಿಡಕೊಂಡು, "ಅಜ್ಜಿ... ಅಜ್ಜಿ..." ಅಂತ ನರಳಾಕತ್ತಿದ. ನಾನು ಹಿಂದಿನಿಂದ ಸೊಂಟ ಹಿಡಿದು, "ಉಸರು ಬಿಡಪಾ, ಇಷ್ಟ ಆತು, ಇಷ್ಟ ಆತು," ಅಂತ ಎಬ್ಬಸಾಕತ್ತಿದ್ದೆ.

ಮೊಸರು ಕೇಳಾಕ ಬಂದ ಬಾಜೂ ಮನಿಯಾಕಿ ಬಾಗಲದಾಗೇ ನಿಂತ್ಲು. "ಯವ್ವಾ, ಮೊದಲು ಇವಂದೇ ಹೆರಿಗಿ ಏನ್ರಿ?"

ಒಳಗ

ಬ್ಯಾನಿ ಸುರು ಆದ್ವು. ಹೆರಿಗಿ ಖೋಲಿಯೊಳಗ ಒಬ್ಬರನ್ನೇ ಬಿಡತಾರ. ಗಂಡ ಮುಂದ ಬಂದ, ಅವನ ಅವ್ವ ಬಂದ್ಲು. ಮೊಮ್ಮಗಳು, "ಅಜ್ಜಿ ಬರಲಿ," ಅಂದ್ಲು.

ಎಲ್ಲಾ ಚಲೋ ನಡದಿತ್ತು. ಕಡೀಕ, ದಬ್ಬೋ ಹೊತ್ತಿಗೆ ಹುಡುಗಿಗೆ ಅಂಜಿಕಿ ಹೊಕ್ಕಿತು. ಮೈಯೆಲ್ಲಾ ಕಟ್ಟಿಗಿ ಮಾಡ್ಕೊಂಡು, "ಆಗಂಗಿಲ್ಲ, ನನ್ನಿಂದ ಆಗಂಗಿಲ್ಲ!" ಅಂತಾಳ. ಡಾಕ್ಟರ್‌ಬಾಯಿ, "ಕೂಸು ಆರಾಮ ಅದ, ಇಷ್ಟೇ ಉಳದದ," ಅಂತಾರ. ನರ್ಸ್‌ಬಾಯಿ, "ಜೋರ್ ಲಾವಾ! ಇನ್ನೂ ಜೋರ್!" ಅಂತಾಳ. ನನ್ನ ಜೀವ ತಡೀಲಿಲ್ಲ. ಆಕಿ ಕೈ ಹಿಡಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಹುಂ...!" ಅಂತ ನಾನೂ ತಿಣಕಿದೆ. ಖೋಲಿ ತುಂಬ ನಂದೇ ಆವಾಜ.

ನರ್ಸ್‌ಬಾಯಿ ನನ್ನ ಭುಜ ಹಿಡಿದು ಅಳ್ಳಾಡಿಸಿದ್ಲು. "ಆಜಿ, ನೀವು ಥಾಂಬಾ, ನಿಲ್ಲಸ್ರಿ! ನಾವು ಒಂದೇ ಕೂಸಿನ ತಯಾರಿ ಮಾಡೇವಿ!"

ಅಳೋ ಹುಡುಗಿ ಪಕ್ಕನ ನಕ್ಕಳು. ನಕ್ಕಿದ್ದಕ್ಕ ಬಿಗಿ ಹಿಡದ ಮೈ ಸಡ್ಲಾತು. ಮುಂದಿನ ಬ್ಯಾನಿಗೆ ಡಾಕ್ಟರು ಹೇಳಿದಂಗ ದಬ್ಬಿದ್ಲು, ಅದರ ಮುಂದಿಂದಕ್ಕ ತಲಿ ಕಾಣ್ತು, ಆಮ್ಯಾಲೆ ಕೆಂಪನ್ನ ಹೆಣ್ಣು ಕೂಸು ಚೀರಿಕೋತ ಬಂತು.

ಗಂಡನ್ನ ಒಳಗ ಬಿಟ್ರು. ಅವ ಕಣ್ಣಾಗ ನೀರು ತಂದು, "ಭಾಳ ತ್ರಾಸ ಆತೇನ?" ಅಂತ ಹೆಂಡತಿ ತಲಿ ಸವರಿದ.

ಆಕಿ ಕೂಸನ್ನ ಎದಿಗೆ ಅವಚಿಕೊಂಡು, ಸ್ಟೂಲ್ ಮ್ಯಾಲೆ ಬೆವರು ಒರಸಿಕೋತ ಕೂತ ನನ್ನ ಕಡೆ ನೋಡಿದ್ಲು.

"ನಾನು ಆರಾಮ ಇದ್ದೀನಿ. ಮೊದಲು ಅಜ್ಜಿಗೆ ಚಾ ಕೊಡ್ಸು, ಆಕೀಗೆ ಭಾಳ ತ್ರಾಸ ಆತು."