ನಾಲಿಗೆಯ ಮೇಲೆ ಕೂತ ಗ್ರಂಥಿ

ಸಾಂಗಲಿಯ ಅರಿಸಿನ ಪೇಟೆಯಲ್ಲಿ ಹರಾಜು ಕೂಗುವ ದತ್ತೋಬಾ ಖರಾಡೆಯ ದನಿ ತಿಂಗಳಿಂದ ಕೆಟ್ಟಿತ್ತು. ಬಿಸಿ ಬಟಾಟೆ ವಡಾ ಬಾಯಲ್ಲಿಟ್ಟುಕೊಂಡು ಬೈದಂತೆ ಕೇಳುತ್ತಿತ್ತು. ಆವತ್ತು ಬೆಳಿಗ್ಗೆ ಕನ್ನಡಿ ಹಿಡಿದು ನಾಲಿಗೆ ಚಾಚಿದ. ಬುಡದಲ್ಲಿ ಬೋರೆಹಣ್ಣಿನಷ್ಟು ಕೆಂಪು ಗಂಟು! ಕನ್ನಡಿ ಕೈಯಿಂದ ಜಾರಿತು.

ಪಕ್ಕದ ಮನೆಯ ಗುಂಡೂ ತಾತ್ಯಾ ಸದ್ದು ಕೇಳಿ ಒಳಗೇ ಬಂದ. ಅದೇ ಪೇಟೆಯಲ್ಲಿ ತಕ್ಕಡಿ ಹಿಡಿಯುವವನು.

"ನಮ್ಮ ಸ್ವಾದರಮಾವಗೂ ಹಿಂಗ ಆಗಿತ್ತು ದತ್ತೂ. ನಾಲಿಗಿ ತಗದ್ರು. ಈಗ ಆರಾಮ ಅದಾನ. ಮಾತಾಡೂದಿಲ್ಲ, ಅಷ್ಟ."

ನಾಲಿಗೆ ಹೋದರೆ ಉಳಿಯುವುದೇನು? ಹರಾಜು ಕೂಗುವುದು ಬಿಟ್ಟು ದತ್ತೋಬಾನಿಗೆ ಬೇರೇನೂ ಬರುತ್ತಿರಲಿಲ್ಲ. ಆಸ್ಪತ್ರೆಗೆ ಓಡಿದ. ತಾತ್ಯಾನೂ ಬೆನ್ನು ಹತ್ತಿದ.

ಲೇಡಿ ಡಾಕ್ಟರ್ ದೀಪ ಹಿಡಿದು ಅವನ ಬಾಯೊಳಗೆ ನೋಡಿದರು. "ತಗೀಬೇಕಾದೀತೋ ಏನೋ. ಮೊದಲ ಕುತ್ತಿಗಿ ಸ್ಕ್ಯಾನ್ ಆಗಲಿ."

ದತ್ತೋಬಾನಿಗೆ ಕೇಳಿಸಿದ್ದು 'ತಗೀಬೇಕು' ಅನ್ನುವುದೊಂದೇ.

ಸ್ಕ್ಯಾನಿನವನು ಕುತ್ತಿಗೆಗೆ ತಣ್ಣನೆಯ ಲೋಳೆ ಹಚ್ಚಿ ಒತ್ತಿದ. ಮತ್ತೆ ಒತ್ತಿದ. ಹುಬ್ಬು ಗಂಟಿಕ್ಕಿದ.

"ಕಾಕಾ, ನಿಮ್ಮ ಥೈರಾಯ್ಡ್ ಎಲ್ಲಿ?"

"ನಾ ಮುಟ್ಟಿಲ್ಲಪಾ!"

"ಇಲ್ಲಿ ಇರಬೇಕಿತ್ತು. ಏನೂ ಇಲ್ಲ."

ಬಾಗಿಲಲ್ಲಿ ಇಣುಕಿದ ತಾತ್ಯಾ ಲೊಚಗುಟ್ಟಿದ. "ಹೋದ ವರ್ಷ ಹರ್ನಿಯಾ ಕೊಯ್ಸಿದ್ದಿಯಲ್ಲ, ಆವಾಗ ಯಾರೋ ಹೊಡಕೊಂಡ ಹೋಗ್ಯಾರ ನೋಡು."

ಆಮೇಲೆ ಥೈರಾಯ್ಡ್ ಇದ್ದಲ್ಲಿ ಹೊಳೆಯುವ ಔಷಧ ಚುಚ್ಚಿ, ಅರ್ಧ ತಾಸು ಕೂರಿಸಿ, ದೊಡ್ಡ ಯಂತ್ರದ ಕೆಳಗೆ ಮಲಗಿಸಿದರು. ಯಂತ್ರ ಮುಖದ ಮೇಲೆ ಬಾಗಿತು. ದತ್ತೋಬಾ ಕಣ್ಣು ಮುಚ್ಚಿ, ಬದುಕಿನಲ್ಲಿ ತಾನು ಬೈದವರೆಲ್ಲರ ಕ್ಷಮೆ ಕೇಳತೊಡಗಿದ. ಯಂತ್ರ ನಿಂತಾಗ ಅರ್ಧ ಪೇಟೆಯೂ ಮುಗಿದಿರಲಿಲ್ಲ.

ಡಾಕ್ಟರ್ ಚಿತ್ರ ತೋರಿಸಿದರು. ಕುತ್ತಿಗೆಯಿಡೀ ಕತ್ತಲೆ, ನಾಲಿಗೆಯ ಬುಡದಲ್ಲಿ ಮಾತ್ರ ಒಂದು ಚುಕ್ಕೆ ಹೊಳೆಯುತ್ತಿತ್ತು.

"ಇದು ಗಡ್ಡಿ ಅಲ್ರಿ. ನಿಮ್ಮ ಥೈರಾಯ್ಡ್ ಗ್ರಂಥಿನ ಇದು. ತಾಯಿ ಹೊಟ್ಟ್ಯಾಗ ನಾಲಿಗಿ ಬುಡಕ್ಕ ಹುಟ್ಟಿ ಕುತ್ತಿಗಿಗೆ ಇಳೀಬೇಕು. ನಿಮ್ಮದು ಇಳದಿಲ್ಲ."

"ಹುಟ್ಟಾ ಮೈಗಳ್ಳ!" ದತ್ತೋಬಾ ಗ್ರಂಥಿಯನ್ನು ಬೈದ.

"ಇರೂದು ಇದೊಂದ. ಕೊಯ್ಯೂದು ಬ್ಯಾಡ. ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಗುಳಿಗಿ ತಗೋರಿ. ಗಂಟು ನಿಧಾನಕ್ಕ ಕುಗ್ಗತೈತಿ."

"ಕೂಗಬಹುದೇನ್ರಿ ಡಾಕ್ಟರ?"

"ನಾಳಿಂದನ ಕೂಗ್ರಿ."

ದತ್ತೋಬಾ ಹಾರಿಕೊಂಡೇ ಹೊರಬಂದ. ಬೆಂಚಿನ ಮೇಲೆ ತಾತ್ಯಾನ ಪಕ್ಕ ದತ್ತೋಬಾನ ಹೆಂಡತಿ ಶೇವಂತಾ, ಹಣೆತುಂಬ ಗುಡಿಯ ಭಂಡಾರದ ಅರಿಸಿನ ಬಳಿದುಕೊಂಡು ಕೂತಿದ್ದಳು.

"ನಾಲಿಗಿ ಉಳೀತ!"

ಶೇವಂತಾ ಗಳಗಳ ಅತ್ತಳು. "ಖಂಡೋಬಾ ಕೇಳಿದ ನೋಡ್ರಿ! ಈಗಷ್ಟ ಗುಡಿಗೆ ಹೋಗಿ ಹರಕಿ ಹೊತ್ತು ಬಂದೇನಿ. ಇವರ ನಾಲಿಗಿ ಉಳಸಪಾ, ಮುಂದಿನ ಚಂಪಾಷಷ್ಠಿ ಜಾತ್ರಿ ತನಕ ಅದರಲೆ ಒಂದ ಮಾತೂ ಆಡಸೂದಿಲ್ಲ ಅಂತ."

"ಯಾವ ಹುಚ್ಚ ಹೇಳಿದ ನಿನಗ?"

"ತಾತ್ಯಾರ ಫೋನ್ ಮಾಡಿ, ಹಿಂಗ ಹರಕಿ ಹೊರು ಅಂದ್ರು. ಅಲ್ಲೀತನಕ ಹರಾಜು ತಾವ ಕೂಗತಾರಂತ, ಪಾಪ."

ದತ್ತೋಬಾ ತಾತ್ಯಾನತ್ತ ತಿರುಗಿ ಬಾಯಿ ತೆರೆದ. ಶೇವಂತಾ ಥಟ್ಟನೆ ಅಂಗೈಯಿಂದ ಮುಚ್ಚಿದಳು.

"ಹರಕಿರಿ! ಶುರು ಆತು!"

ತಾತ್ಯಾ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.