ಬಟಾಣಿ ಹಸಿರಿನ ಪಂಪು

ರೋಲಂಡ್ ಭಾನುವಾರ ಸಂಜೆ ತೀರಿಕೊಂಡ. ಕಾರಿನೊಳಗಲ್ಲ, ಕಾರಿನ ಕೆಳಗೂ ಅಲ್ಲ. ಮನೆಯ ಕುರ್ಚಿಯಲ್ಲಿ, ಬೂಟು ಬಿಚ್ಚಿಟ್ಟು, ಮರ್ಯಾದಸ್ಥರ ಹಾಗೆ. ಚರ್ಚ್ ಸ್ಟ್ರೆಟನ್ ಎಂಬ ಆ ಇಂಗ್ಲಿಷ್ ಊರಿನಲ್ಲಿ ಮೊದಲು ಯಾರೂ ನಂಬಲಿಲ್ಲ. ಗೆಳೆಯ ಡೆನ್ಜಿಲ್ ಅಂತೂ ಸುದ್ದಿ ಕೇಳಿದೊಡನೆ, "ಕಾರೆತ್ತೋ ಜಾಕ್ ಜಾರಿತಾ?" ಎಂದುಬಿಟ್ಟ. ಆಮೇಲೆ ಫೋನ್ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತ.

ಅಳು ಬರಬೇಕಾದಾಗೆಲ್ಲ ಡೆನ್ಜಿಲ್‌ಗೆ ಆ ಪಂಪು ನೆನಪಾಗುತ್ತದೆ. ನೆನಪಾದರೆ ನಗು ಬರುತ್ತದೆ. ಏನು ಮಾಡುವುದು!

ರೋಲಂಡನದು ಇಬ್ಬರೇ ಕೂರುವ, ಚಾವಣಿ ಮಡಚುವ ಹಳೆಯ ಸ್ಪೋರ್ಟ್ಸ್ ಕಾರು. ಅವನ ಮದುವೆಯಷ್ಟೇ ವಯಸ್ಸು, ಮದುವೆಗಿಂತ ಹೆಚ್ಚು ಖರ್ಚು. ಏರು ಕಂಡರೆ ಎಂಜಿನ್ನಿನ ನೀರು ಕುದಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಬಾರ್ಮತ್ ಊರಿನ ಸಮುದ್ರ ತೋರಿಸುತ್ತೇನೆಂದು ಹೆಂಡತಿ ಮ್ಯೂರಿಯಲಳನ್ನು ಕೂರಿಸಿಕೊಂಡು ಹೊರಟವನು ಇಷ್ಟು ವರ್ಷವಾದರೂ ಆ ಕಾರಿನಲ್ಲಿ ಒಮ್ಮೆಯೂ ವೇಲ್ಸ್ ಬೆಟ್ಟ ದಾಟಿರಲಿಲ್ಲ. ಪ್ರತಿ ಬೇಸಿಗೆಯೂ ಅದೇ ಏರು, ಅದೇ ಆವಿ, ಬೇಲಿಯಾಚೆಯಿಂದ ನೋಡುವ ಅವೇ ಕುರಿಗಳು.

ಈ ವರ್ಷ ಮ್ಯೂರಿಯಲ್ ತೀರ್ಪು ಕೊಟ್ಟಳು. "ನೋಡು ಮಹಾರಾಯ, ನಿಮ್ಮ ಹಳೇ ಕಾರಿನ ಕೂಟದವರು ಬಾರ್ಮತ್‌ಗೆ ಹೋಗ್ತಾರಲ್ಲ, ಅದೇ ಕೊನೆ. ಸಮುದ್ರ ಕಂಡ್ರೆ ಕಾರು ಇರಲಿ. ಕುದಿಸಿದ್ರೆ ಮಾರಿಬಿಡ್ತೀನಿ. ಆ ಕುರಿಗಳು ನನ್ನನ್ನ ಗುರುತು ಹಿಡಿಯೋ ಹಾಗಾಗಿದೆ!"

"ಮ್ಯೂರಿ!" ಎಂದು ರೋಲಂಡ್ ಎದೆ ತಟ್ಟಿಕೊಂಡ. "ಎಂಥ ಪಂಪು ಹಾಕ್ತೀನಿ ಗೊತ್ತಾ? ಬೆಟ್ಟದ ತುದೀಲಿ ಎಂಜಿನ್ನು ಚಳಿ ಅಂತ ಶಾಲು ಕೇಳ್ಬೇಕು!"

ಕಾರು ಮಾಡಿದ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಈಗ ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪನ್ನು ಬೇರೆಯವರು ಮಾಡಿ ಮಾರುತ್ತಾರೆ. ಒಂದು ಹಳೆಯದರ ಪಡಿಯಚ್ಚು, ಬೀಡು ಕಬ್ಬಿಣದ್ದು. ಇನ್ನೊಂದು ರೇಸಿನವರಿಗೆಂದು ಮಾಡಿದ ಅಲ್ಯೂಮಿನಿಯಂ ವೀರ. ಇಡೀ ಊರಿನ ಬಾವಿ ಬತ್ತಿಸಬಲ್ಲದು! ರೋಲಂಡ್ ವೀರನನ್ನೇ ತರಿಸಿದ. ಆದರೆ ಕೂಟದಲ್ಲಿ ಒಂದು ಕಟ್ಟಳೆಯಿದೆ: ಎಂಜಿನ್ ಮೂಲರೂಪದಲ್ಲೇ ಕಾಣಬೇಕು. ಹೊಳೆಯುವ ಅಲ್ಯೂಮಿನಿಯಂ ಕಂಡರೆ ತೀರ್ಪುಗಾರರು ಸತ್ತ ಇಲಿ ಕಂಡವರಂತೆ ಮೂಗು ಮುಚ್ಚುತ್ತಾರೆ. ಹಾಗಾಗಿ ವೀರನಿಗೆ ಎಂಜಿನ್ನಿನ ಹಸಿರು ಬಳಿದು ವೇಷ ಮರೆಸಬೇಕಾಯಿತು.

ಯಾವ ಹಸಿರು? ಪಬ್ಬಿನ ಮೇಜಿನ ಮೇಲೆ ಮಹಾಯುದ್ಧವೇ ನಡೆಯಿತು. ಪಂಪು ಬಿಯರ್ ಲೋಟಗಳ ನಡುವೆ ಕೈಯಿಂದ ಕೈಗೆ ಹೋಯಿತು.

"ಇದು ಎಲೆಕೋಸಿನ ಹಸಿರು ಕಣೋ!" ಎಂದ ಡೆನ್ಜಿಲ್. "ನಮ್ಮ ಕಾರುಗಳದ್ದು ಬಟಾಣಿ ಹಸಿರು."

"ಹಸಿ ಬಟಾಣಿನಾ, ಬೇಯಿಸಿದ್ದಾ?" ಎಂದ ರೋಲಂಡ್.

"ಬೇಯಿಸಿದ್ದು. ಆದ್ರೆ ನಿಮ್ಮನೆ ಹಾಗೆ ಬೇಯಿಸಿದ್ದಲ್ಲ!"

ವಾರವಿಡೀ ಬಳಿದರು, ಉಜ್ಜಿದರು, ಮತ್ತೆ ಬಳಿದರು. ಕೊನೆಗೆ ಪಂಪು ಬೇಯಿಸಿದ ಬಟಾಣಿಯ ಅವತಾರವಾಗಿ ಎಂಜಿನ್ ಏರಿತು. ಶನಿವಾರ ಬೆಳಿಗ್ಗೆ ರೋಲಂಡ್ ಮನೆಯ ಮುಂದೆ ಬಾನೆಟ್ ತೆರೆದು, ಮ್ಯೂರಿಯಲಳನ್ನು ಎದುರಿಗೆ ನಿಲ್ಲಿಸಿ, ಡೆನ್ಜಿಲ್‌ನನ್ನು ಪಕ್ಕ ಕೂರಿಸಿಕೊಂಡು ಎಂಜಿನ್ ಶುರು ಮಾಡಿ, ಜಂಬದಿಂದ ಆಕ್ಸಿಲರೇಟರ್ ಒತ್ತಿದ.

ಕರ್ರ್ರ್!

ಪಂಪಿನ ಮೂತಿಗೆ ಸಿಕ್ಕಿಸಿದ ಫ್ಯಾನು ಮುಂದಿನ ರೇಡಿಯೇಟರಿಗೆ ತಾಗಿ, ಕೇಕ್ ಕತ್ತರಿಸಿದಷ್ಟು ಅಚ್ಚುಕಟ್ಟಾಗಿ ದುಂಡಗೆ ಕೊರೆಯಿತು. ನೀರು ಕಾರಂಜಿಯಾಗಿ ಚಿಮ್ಮಿತು. ಮ್ಯೂರಿಯಲ್ ತಲೆಯಿಂದ ಚಪ್ಪಲಿಯವರೆಗೆ ನೆನೆದಳು.

ಅವಳು ಕಿರುಚಲಿಲ್ಲ. ಅದೇ ಹೆದರಿಕೆ! ಮುಖ ಒರೆಸಿಕೊಂಡು, ಪಂಪು ಬಿಚ್ಚಿಸಿ, ಹಳೆಯದರ ಜೊತೆ ಅಡುಗೆಮನೆಯ ಮೇಜಿನ ಮೇಲಿಟ್ಟು ಅಳತೆಪಟ್ಟಿ ಹಿಡಿದಳು.

"ಹೊಸದರ ಮೂತಿ ಹಳೇದಕ್ಕಿಂತ ಹೆಬ್ಬೆರಳಷ್ಟು ಉದ್ದ ಇದೆ. ಯಾರೂ ಅಳೀಲಿಲ್ವಾ?"



"ಬಣ್ಣ ನೋಡಿದ್ವಿ," ಎಂದ ಡೆನ್ಜಿಲ್.

"ಬಣ್ಣ ಸರಿಯಾಗೇ ಇದೆ," ಎಂದ ರೋಲಂಡ್, ಸಣ್ಣ ದನಿಯಲ್ಲಿ.

ಮ್ಯೂರಿಯಲ್ ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ತಾನೇ ಹೋದಳು. ಮಂಕು ಕಬ್ಬಿಣದ ಪಡಿಯಚ್ಚು ತಂದಳು. ಬಣ್ಣವೂ ಇಲ್ಲ, ಬಿರುದೂ ಇಲ್ಲ. ರೇಡಿಯೇಟರ್? ಅದೇ ಮಾದರಿಯ ಕಾರು ಊರಲ್ಲಿ ಇನ್ನೊಂದೇ ಇತ್ತು: ಡೆನ್ಜಿಲ್‌ನದು.

"ಕೊಡ್ತೀಯೇನೋ?" ಎಂದ ರೋಲಂಡ್. "ಆದ್ರೆ ನಾಳೆ ಬಾರ್ಮತ್‌ಗೆ ನೀನು ಬರೋಕಾಗಲ್ಲ."

"ಹೋಗೋ, ಮುಂದಿನ ವರ್ಷ ಬಂದ್ರಾಯ್ತು," ಎಂದು ಡೆನ್ಜಿಲ್ ಬಿಚ್ಚಿಕೊಟ್ಟ.

ಮಿಕ್ಕಿದ್ದನ್ನು ಅವನು ಸೋಮವಾರ ಮ್ಯೂರಿಯಲಳಿಂದಲೇ ಕೇಳಿದ. ಅವಳು ಚಹಾ ಸುರಿಯುತ್ತ, ಸುರಿದದ್ದನ್ನು ಮರೆತು ಮತ್ತೆ ಸುರಿಯುತ್ತ ಹೇಳಿದಳು. ಕಾರು ಬೆಟ್ಟ ಹತ್ತಿತಂತೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲವಂತೆ. ತುದಿ ದಾಟಿದಾಗ ರೋಲಂಡ್ ಕುರಿಗಳಿಗೆ ಟೋಪಿ ಎತ್ತಿ ನಮಸ್ಕರಿಸಿದನಂತೆ! ಬಾರ್ಮತ್ ದಂಡೆಯಲ್ಲಿ ಕೂಟದವರೆಲ್ಲ ಮುತ್ತಿಕೊಂಡು "ಯಾವ ಪಂಪಪ್ಪಾ, ಯಾರು ಆರಿಸಿದ್ದು?" ಎಂದರು.

"ನಾನಂತೂ ಅಲ್ಲ," ಎಂದನಂತೆ ರೋಲಂಡ್. "ಇವಳು. ನಾನು ಬಟಾಣಿ ಆರಿಸ್ತಿದ್ದೆ."

ಹಿಂತಿರುಗುವಾಗ ಸುಸ್ತೆಂದು ಅವಳಿಗೆ ಸ್ಟೀರಿಂಗ್ ಬಿಟ್ಟುಕೊಟ್ಟ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ದಾರಿಯುದ್ದಕ್ಕೂ ಗೇರಿನ ಬಗ್ಗೆ ಬುದ್ಧಿ ಹೇಳಿದ. ಒಂದು ತಿರುವಿನಲ್ಲಿ ಅವಳು "ಬಾಯ್ಮುಚ್ಚು" ಎಂದಳು, ಮುಚ್ಚಿದ. ಅದೂ ಮೊದಲ ಸಲ.

ಮನೆಗೆ ಬಂದು, ಬೂಟು ಬಿಚ್ಚಿಟ್ಟು, ಕುರ್ಚಿಯಲ್ಲಿ ಕುಳಿತ. ಅವಳ ಕೈಚೀಲ ಕೇಳಿದ. ತನ್ನ ಗೊಂಚಲಿನಿಂದ ಕಾರಿನ ಕೀಲಿಯನ್ನು ಬಿಡಿಸಿ ಅವಳ ಗೊಂಚಲಿಗೆ ಸೇರಿಸತೊಡಗಿದ. ಗೊಂಚಲಿನ ಉಂಗುರ ಬಿಗಿಯಾಗಿತ್ತು. "ನಾನು ಹಾಕಿಕೊಳ್ತೀನಿ ಬಿಡು," ಎಂದಳು ಅವಳು. "ಇದೆಲ್ಲ ನಿಂಗೆ ತಿಳಿಯಲ್ಲ, ಕೂತ್ಕೋ," ಎಂದು ಹೆಬ್ಬೆರಳಿನ ಉಗುರು ಮುರಿದುಕೊಂಡ, ಅದನ್ನು ಬೈದ, ಕೀಲಿ ಸೇರಿಸಿದ.